ಕೇಳದೆ ಬರೆದ ಹೆಸರು

ಅಮೆರಿಕದ ಪ್ಲೇನೋದಲ್ಲಿ ಮಗಳ ಮನೆಯಲ್ಲಿ ನೀಲವ್ವ ಬೆಳಿಗ್ಗೆ ಎದ್ದವಳೇ ಹಿತ್ತಲ ಕಟ್ಟೆಗೆ ಬಂದು ಕೂಡುತ್ತಿದ್ದಳು. ಬಿಸಿಲು ಏರುವ ಮೊದಲು ಒಂದಿಷ್ಟು ಗಾಳಿ, ಅಷ್ಟೇ ಆಕೆಯ ಪಾಲಿಗೆ. ಆಮೇಲೆ ಇಡೀ ದಿನ ಬಾಗಿಲು ಹಾಕಿಕೊಂಡು ಮಷಿನ್ನಿನ ತಂಪಿನಲ್ಲಿ ಇರಬೇಕು. ಬಲಗೈ ಭುಜಕ್ಕಿಂತ ಮೇಲೆ ಏಳುತ್ತಿರಲಿಲ್ಲ. ಹೆರಳು ಹಾಕಿಕೊಳ್ಳುವಾಗ ಕೈಯನ್ನು ತಲೆಗೆ ಒಯ್ಯುವ ಬದಲು ತಲೆಯನ್ನೇ ಕೈಗೆ ಬಗ್ಗಿಸುತ್ತಿದ್ದಳು.

ಕೈ ಹಾಗಾದದ್ದು ಚರಕ ತಿರುವಿ ತಿರುವಿ. ಧಾರವಾಡದ ಹತ್ತಿರದ ಹಳ್ಳಿಯೊಂದರಲ್ಲಿ, ಖಾದಿ ಕೇಂದ್ರದ ತಗಡಿನ ಶೆಡ್ಡಿನಲ್ಲಿ, ಮದುವೆಯಾಗಿ ಬಂದ ವರ್ಷ ಕೂತವಳು ಮಗಳು ಸುಪ್ರಜಾ ಇಂಜಿನಿಯರ್ ಆಗುವವರೆಗೂ ಎದ್ದಿರಲಿಲ್ಲ. ಅಲ್ಲಿಯ ನೂಲು ದೇಶದ ಬಾವುಟದ ಬಟ್ಟೆಗೆ ಹೋಗುತ್ತಿತ್ತು. ಎಂಟು ಕದರಿನ, ಒಮ್ಮೆಗೇ ಎಂಟು ಎಳೆ ತೆಗೆಯುವ ಅಂಬರ ಚರಕ. ಒಂದು ಕೈ ಹಿಡಿಕೆ ತಿರುವಬೇಕು, ಇನ್ನೊಂದು ಕೈ ಹರಿದ ಎಳೆ ಹುಡುಕಿ ಜೋಡಿಸಬೇಕು, ಕಣ್ಣು ಎಂಟೂ ಕದರಿನ ಮೇಲೆ ಇರಬೇಕು. ಬೇಸಿಗೆಯಲ್ಲಿ ಫ್ಯಾನು ಹಾಕುವಂತಿರಲಿಲ್ಲ, ಹತ್ತಿ ಹಾರುತ್ತದೆ ಅಂತ. ಮನೆಗೆ ಬಂದು ಕೆಮ್ಮಿದರೆ ಬಿಳಿ ನಾರು ಬರುತ್ತಿತ್ತು. ಗಂಡನ ದಿನಕರ್ಮ ಮುಗಿದ ಮರುದಿನವೇ ಹೋಗಿ ಕೂತಳು. ಮನೆಯಲ್ಲಿ ಕೂತು ಅಳುವುದಕ್ಕೆ ಪುರಸೊತ್ತೆಲ್ಲಿತ್ತು?

ಒಂದು ವರ್ಷ ಆಗಸ್ಟ್ ಹದಿನೈದಕ್ಕೆ ದೊಡ್ಡವರು ಯಾರೋ ಕಾರಿನಲ್ಲಿ ಬಂದರು. ನೀಲವ್ವನ ಚರಕಕ್ಕೆ ಹಾರ ಹಾಕಿದರು, ಕುಂಕುಮ ಹಚ್ಚಿದರು. ಫೋಟೋದವನು, "ಅಕ್ಕಾರ, ನೀವೊಂದೀಟ ಆ ಕಡೆ ಸರೀರಿ," ಅಂದ. ಸರಿದಳು. ಅವರೆಲ್ಲ ಹೋದ ಮೇಲೆ ಹಾರ ತೆಗೆದಿಟ್ಟು ಮತ್ತೆ ತಿರುವಲು ಕೂತಳು. ಸಿಟ್ಟು ಬಂದಿತ್ತೇ ಅಂದರೆ, ಸಿಟ್ಟಿಗೂ ಕಸುವು ಬೇಕಲ್ಲ.

ಈಗ ಇಲ್ಲಿ ಮೊಮ್ಮಗಳು ಇಶಾ ಐದನೆಯ ಇಯತ್ತೆ. ಈ ದೇಶ ಸ್ವತಂತ್ರವಾಗಿ ಇನ್ನೂರೈವತ್ತು ವರ್ಷ ತುಂಬುತ್ತದೆ ಅಂತ ಸಾಲಿಯಲ್ಲಿ ಆ ವರ್ಷವೆಲ್ಲ ಅದೇ ಪಾಠ. ಅಜ್ಜಿಗೆ ಇಂಗ್ಲಿಷ್ ಬರುವುದಿಲ್ಲ, ಹಾಗಾಗಿ ಆಕೆಗೆ ತಿಳಿಯುವ ಹಾಗೆ ಹೇಳಿದರೆ ತನಗೇ ಬಾಯಿಪಾಠ ಆಗುತ್ತದೆ ಅಂತ ಇಶಾ ಸಂಜೆ ಬಂದು ಪಕ್ಕದಲ್ಲಿ ಕೂತು ಒಪ್ಪಿಸುತ್ತಿದ್ದಳು.

"ಅಜ್ಜಿ, ಕಿಂಗ್ ಇದ್ದದ್ದು ಇಂಗ್ಲೆಂಡ್‌ನಾಗ. ಇವರೆಲ್ಲ ಇಲ್ಲಿ, ಸಮುದ್ರದ ಈ ಕಡೆ. ಅಂವಾ ವಾರ್ ಮಾಡಿ ರೊಕ್ಕ ಖರ್ಚ್ ಮಾಡ್ದಾ. ಆಮ್ಯಾಲ ಇವರ ಮ್ಯಾಲೆ ಟ್ಯಾಕ್ಸ್ ಹಾಕಿದ್ರು. ಪೇಪರ್‌ಗೆ, ಟೀಗೆ."

"ಇವರನ್ನ ಕೇಳಿದ್ರೇನು?"

"ಅದಽ ಮೇನ್ ಪಾಯಿಂಟ್ ಅಜ್ಜಿ! ಕೇಳಲಿಲ್ಲ. ಇವರ ಕಡೆಯಿಂದ ಅಲ್ಲಿ ಪಾರ್ಲಿಮೆಂಟ್‌ನಾಗ ಯಾರೂ ಕುಂತಿರಲಿಲ್ಲ."

ಮೊದಲು ಅರ್ಜಿ ಬರೆದರಂತೆ, ಕೈಮುಗಿದು. ಅರಸ ಓದಲಿಲ್ಲ. ಆಮೇಲೆ ಅವನ ಅರಿವೆ ಬೇಡ, ಅವನ ಚಹಾ ಬೇಡ ಅಂದರಂತೆ. ಹೆಂಗಸರು ಮನೆಯಲ್ಲೇ ನೂಲು ತೆಗೆದರಂತೆ. ಗಂಡಸರು ಬಾಸ್ಟನ್ನಿನಲ್ಲಿ ಹಡಗು ಹತ್ತಿ ಚಹಾದ ಪೆಟ್ಟಿಗೆಗಳನ್ನು ಸಮುದ್ರಕ್ಕೆ ಸುರಿದರಂತೆ. ಅರಸ ಬಂದರನ್ನೇ ಮುಚ್ಚಿಸಿದ, ಸಿಪಾಯಿಗಳನ್ನು ಕಳಿಸಿದ. ಒಂದು ದಿನ ನಸುಕಿನಲ್ಲಿ ಗುಂಡು ಹಾರಿತು. ಮೊದಲು ಹಾರಿಸಿದ್ದು ಯಾರು ಅಂತ ಇವತ್ತಿಗೂ ಗೊತ್ತಿಲ್ಲವಂತೆ. ಮರುವರ್ಷ ಜುಲೈ ನಾಲ್ಕಕ್ಕೆ ನಾವು ನಿನ್ನವರಲ್ಲ ಅಂತ ಕಾಗದದ ಮೇಲೆ ಬರೆದು ಸಾರಿದರು. ಸಾರಿದ ಮೇಲೂ ಯುದ್ಧ ಮುಗಿಯಲಿಲ್ಲ. ಚಳಿಯಲ್ಲಿ ಬೂಟಿಲ್ಲದೆ ನಡೆದು, ರೋಗ ಬಂದು, ಎಷ್ಟೋ ಜನ ಸತ್ತರು. ಅಂತೂ ಎಂಟು ವರ್ಷಕ್ಕೆ ಗೆದ್ದರು.

"ನೂಲು ತೆಗದ ಹೆಣ್ಮಕ್ಕಳು ಏನಾದ್ರು?" ಅಂತ ನೀಲವ್ವ ಕೇಳಿದಳು.

ಇಶಾ ಪುಸ್ತಕದ ಹಾಳೆ ತಿರುವಿ ನೋಡಿದಳು. "ಅದು ಇಲ್ಲ ಅಜ್ಜಿ."

"ತಿರುವ್ಕೋತ ಇದ್ದಿರಬೇಕು ಬಿಡು," ಅಂದಳು ನೀಲವ್ವ.

ಜೂನ್ ತಿಂಗಳಲ್ಲಿ ಸುಪ್ರಜಾ ಫೋನು ಹಿಡಿದು ಓಡಿಬಂದಳು. ಕನ್ನಡದವರ ಸಂಘ ಜುಲೈ ನಾಲ್ಕರ ಮೆರವಣಿಗೆಗೆ ಒಂದು ಟ್ರಕ್ಕು ಸಿಂಗರಿಸುತ್ತದೆ. ಹಿಂದಿನ ಹಲಗೆಯ ಮೇಲೆ ಒಂದು ಕಡೆ ಇಲ್ಲಿಯ ಹಳೆಗಾಲದ ರಾಟೆ, ಇನ್ನೊಂದು ಕಡೆ ನಮ್ಮ ಚರಕ. ನೋಡಲು ಹ್ಯೂಸ್ಟನ್, ಆಸ್ಟಿನ್‌ನಿಂದೆಲ್ಲ ಜನ ಬರುತ್ತಾರೆ. ಸಂಘದ ಸೆಕ್ರೆಟರಿ ಚಂದ್ರಮೋಹನ ಆಗಲೇ ಎಲ್ಲರಿಗೂ ಚಿತ್ರ ಕಳಿಸಿದ್ದ. ಅದರಲ್ಲಿ ನೀಲವ್ವನ ಫೋಟೋ. ಕೆಳಗೆ ಆಕೆಯ ಹೆಸರು, ಅದರ ಕೆಳಗೆ ದಪ್ಪ ಅಕ್ಷರದಲ್ಲಿ, 'ಬಾವುಟಕ್ಕೆ ನೂಲು ಕೊಟ್ಟ ಕೈ'.

"ಅವ್ವಾ, ನೀ ಏನೂ ಮಾಡೂದ ಬ್ಯಾಡ. ಸುಮ್ನ ಕುಂತ ತಿರುವಿದ್ರ ಸಾಕು."

ನೀಲವ್ವ ಫೋಟೋ ನೋಡಿದಳು. ಯಾರದೋ ಮದುವೆಯಲ್ಲಿ ತೆಗೆದದ್ದು, ಸುತ್ತಲಿನವರನ್ನು ಕತ್ತರಿಸಿ ಇವಳೊಬ್ಬಳನ್ನೇ ಉಳಿಸಿದ್ದರು.

"ಭುಜಾ ನೋಯ್ತೈತಿ," ಅಂದಳು.

"ಗುಳಿಗಿ ತಗೊಂಡ್ರಾತು. ಒಂದ ತಾಸಿನ ಮಾತು."

ಎರಡು ದಿನ ಬಿಟ್ಟು, "ಬಿಸಲು ಭಾಳ," ಅಂದಳು. ಛತ್ರಿ ಕಟ್ಟಿಸುತ್ತೇವೆ ಅಂದಳು ಮಗಳು. ಇನ್ನೆರಡು ದಿನ ಬಿಟ್ಟು, "ಬ್ಯಾರೆ ಯಾರನ್ನರ ಕುಂದರಸ್ರಿ," ಅಂದಳು. ಸುಪ್ರಜಾ ನಕ್ಕು, "ಟೆಕ್ಸಾಸ್‌ನಾಗ ಬಾವುಟದ ನೂಲು ತಗದಾವರು ಇನ್ನ್ಯಾರ ಅದಾರ ಹೇಳು," ಅಂತ ಆಫೀಸಿನ ಕರೆಗೆ ಒಳಗೆ ಹೋದಳು.

ಒಂದು ಭಾನುವಾರ ಚಂದ್ರಮೋಹನ ಚರಕವನ್ನೇ ಹೊತ್ತುಕೊಂಡು ಬಂದ. ಮಡಚುವ ಪುಟ್ಟ ಪೆಟ್ಟಿಗೆ ಚರಕ, ಪಟದಲ್ಲಿ ಮಹಾತ್ಮರ ಮುಂದೆ ಇರುವಂಥದ್ದು. ಊದಿನಕಡ್ಡಿ ಹಚ್ಚಿ, ನೆಲದ ಮೇಲೆ ಇಟ್ಟು, "ಅಮ್ಮಾ, ಒಂದ್ಸಲ ಮುಟ್ಟಿ. ನಮಗೆಲ್ಲ ಪುಣ್ಯ," ಅಂದ. ಮೈಸೂರಿನ ಕಡೆಯವನು, ಮಾತಿನಲ್ಲಿ ಬೆಣ್ಣೆ.

"ಇದರ ಮ್ಯಾಲೆ ನಾ ಎಂದೂ ಕುಂತಿಲ್ರಿ," ಅಂದಳು ನೀಲವ್ವ.

"ಪರವಾಗಿಲ್ಲಮ್ಮ, ನೋಡೋರಿಗೆ ಇದೇ ಗೊತ್ತಾಗೋದು."

ಸುಪ್ರಜಾ ತಾಯಿಯ ಕೈ ಹಿಡಿದು ಹಿಡಿಕೆಯ ಮೇಲೆ ಇಟ್ಟಳು. ನೀಲವ್ವ ಕೈ ತೆಗೆದು ಉಡಿಯಲ್ಲಿ ಇಟ್ಟುಕೊಂಡಳು. ಮಗಳು ಮತ್ತೆ ಇಟ್ಟಳು. ಈಕೆ ಮತ್ತೆ ತೆಗೆದಳು.

"ಅವ್ವಾ, ಹಿಂಗ ಯಾಕ ಮಾಡ್ತೀ? ನಾಕ ಮಂದಿ ಮುಂದ ನನ್ನ ಮಾನ ಉಳಿಸಬೇಕಿಲ್ಲೋ?"

"ನಾ ಒಲ್ಲೆ," ಅಂದಳು ನೀಲವ್ವ.

ಅಷ್ಟು ವರ್ಷದಲ್ಲಿ ಆ ಮಾತು ಆಕೆಯ ಬಾಯಿಂದ ಬಂದದ್ದನ್ನು ಮಗಳು ಕೇಳಿಯೇ ಇರಲಿಲ್ಲ. ಚಂದ್ರಮೋಹನ ಮುಖ ಆ ಕಡೆ ಮಾಡಿಕೊಂಡು ಊದಿನಕಡ್ಡಿಯ ಬೂದಿ ಒರೆಸತೊಡಗಿದ.

"ಹೆಸರು ಹಾಕಿ ಆಗೇತಲ್ಲವ್ವಾ!"

"ಹಾಕೂ ಮುಂದ ನನ್ನ ಕೇಳಿದ್ಯೇನ?"

ಸುಪ್ರಜಾಳ ಕಣ್ಣಲ್ಲಿ ನೀರು ಬಂತು. "ಅವ್ವನ್ನ ಯಾರರ ಕೇಳ್ತಾರೇನ? ಆ ಚರಕದ ಮ್ಯಾಲೇ ನೀ ನನ್ನ ಓದಿಸಿದಿ. ಅದನ್ನ ಜನರಿಗೆ ತೋರಸಬೇಕಂದ್ರ ತಪ್ಪಾತೇನು? ನಿನಗ ನಾಚಿಕಿ ಬರ್ತೈತೇನು?"

"ನಾಚಿಕಿ ಅಲ್ಲ. ದಣಿದೀನಿ. ನಿನ್ನ ಓದಿಸಿದೆ, ಓದಿದಿ. ಅಲ್ಲಿಗೆ ಮುಗೀತು. ಇನ್ನ ಅದನ್ನ ಮುಟ್ಟಂಗಿಲ್ಲ. ಸುಳ್ಳ ಆಟಕ್ಕೂ ತಿರುವಂಗಿಲ್ಲ."

ಬಾಗಿಲಲ್ಲಿ ನಿಂತಿದ್ದ ಇಶಾ, "ಅಮ್ಮಾ, ಯು ಡಿಡಂಟ್ ಆಸ್ಕ್ ಹರ್?" ಅಂದಳು. ಸುಪ್ರಜಾ ಅವಳನ್ನು ಗದರಿಸಿ ಮೇಲೆ ಕಳಿಸಿದಳು.

ಅವತ್ತಿನಿಂದ ಮಗಳು ಊಟಕ್ಕೆ ಬಾ, ಗುಳಿಗಿ ತಗೋ ಅನ್ನುವಷ್ಟೇ ಮಾತಾಡಿದಳು. ಮನೆ ಭಣಭಣ ಅನ್ನುತ್ತಿತ್ತು. ನೀಲವ್ವ ಕಟ್ಟೆಯ ಮೇಲೆ ಕೂತು, ಹೋಗಿ ಕೂತುಬಿಡಲೇ, ಒಂದು ತಾಸು ತಾನೆ, ಅಂತ ಎಷ್ಟು ಸಲ ಅಂದುಕೊಂಡಳೋ. ಮಗಳ ಮನೆಯಲ್ಲಿ ಉಂಡು, ಮಗಳ ಮಾರಿ ಬಾಡಿಸಿ ಇರುವುದು ಸುಲಭವಲ್ಲ. ಆದರೆ ಎದ್ದು ಹೋಗಿ ಹೇಳಲು ಕಾಲು ಏಳಲಿಲ್ಲ. ಇಶಾ ಬಂದು ಭುಜಕ್ಕೆ ಎಣ್ಣೆ ತಿಕ್ಕುವಾಗ, "ಅಜ್ಜಿ, ಈಗ ನಿಮ್ದು ವಾರ್ ಆಗ್ತೈತೇನ?" ಅಂತ ಕೇಳಿದಳು.

"ನಿಮ್ಮವ್ವ ಎಂಟ ವರ್ಷ ಬಡದಾಡಾಕಿ ಅಲ್ಲ," ಅಂದಳು ನೀಲವ್ವ. "ನನಗೂ ಅಷ್ಟ ತಾಕತ್ತಿಲ್ಲ."

ಮೆರವಣಿಗೆಯ ದಿನ ಅಳಿಯ ರಘುನಂದನ ರಸ್ತೆಯ ಬದಿಯ ಓಕ್ ಮರದ ಕೆಳಗೆ ಮಡಚುವ ಕುರ್ಚಿ ಹಾಕಿ, ನೀರಿನ ಬಾಟಲಿ ಕೊಟ್ಟು ಹೋದ. ಹತ್ತು ಗಂಟೆಗೇ ಡಾಂಬರಿನಿಂದ ಝಳ ಏಳುತ್ತಿತ್ತು. ಬ್ಯಾಂಡು ಹೋಯಿತು, ಕುದುರೆ ಹೋದವು, ಬೆಂಕಿ ಆರಿಸುವ ಗಾಡಿ ಹೋಯಿತು. ಆಮೇಲೆ ಸಂಘದ ಟ್ರಕ್ಕು ಬಂತು. ರಾಟೆಯ ಮುಂದೆ ಹಳೆಗಾಲದ ಬಿಳಿ ಟೊಪ್ಪಿಗೆಯ ಇಶಾ. ಪೆಟ್ಟಿಗೆ ಚರಕದ ಮುಂದೆ, ಇಳಕಲ್ ಸೀರೆ ಉಟ್ಟು, ಸುಪ್ರಜಾ ತಾನೇ ಕೂತಿದ್ದಳು. ಹೇಳಿದ್ದ ಛತ್ರಿಯನ್ನು ಯಾರೂ ಕಟ್ಟಿರಲಿಲ್ಲ.

ಮುಂದೆ ಏನೋ ತಡೆಯಾಗಿ ಟ್ರಕ್ಕು ಮರದ ಎದುರಿಗೇ ನಿಂತಿತು. ಸುಪ್ರಜಾ ಹಿಡಿಕೆ ತಿರುವುತ್ತಾಳೆ, ಹತ್ತಿಯ ಹಂಜಿ ಎಳೆಯುತ್ತಾಳೆ, ಎಳೆ ಹರಿಯುತ್ತದೆ. ಜೋಡಿಸುತ್ತಾಳೆ, ಮತ್ತೆ ಹರಿಯುತ್ತದೆ. ಕುಂಕುಮ ಬೆವರಿಗೆ ಕರಗಿ ಮೂಗಿನ ಮೇಲೆ ಇಳಿದಿತ್ತು. ಜನ ಚಪ್ಪಾಳೆ ತಟ್ಟುತ್ತಿದ್ದರು. ಆಕೆ ತಲೆ ಎತ್ತಿದಾಗ ಎದುರಿಗೆ ತಾಯಿ.

"ಅವ್ವಾ," ಅಂತ ಅಲ್ಲಿಂದಲೇ ಕೂಗಿದಳು, ಸಿಟ್ಟೂ ಅಳುವೂ ಕೂಡಿದ ದನಿ. "ಹರದ ಹರೀತೈತಲ್ಲ! ಕೈ ಬ್ಯಾರೆ ಜೋಮ ಹಿಡೀತು. ನೀ ಹ್ಯಾಂಗ ಕೂಡತಿದ್ದಿ ದಿನಾ?"

ನೀಲವ್ವನಿಗೆ ಎಳೆ ಯಾಕೆ ಹರಿಯುತ್ತಿದೆ ಅಂತ ಕೂತಲ್ಲಿಂದಲೇ ಕಾಣುತ್ತಿತ್ತು. ಕುರ್ಚಿ ಹಿಡಿದು ಎದ್ದು, ಬಿಸಿಲಿಗೆ ಎರಡು ಹೆಜ್ಜೆ ಬಂದು, ನೀರಿನ ಬಾಟಲಿ ಎಡಗೈಯಿಂದ ಮೇಲೆ ಚಾಚಿದಳು.

"ಹರಿಯಲಿ ಬಿಡು," ಅಂದಳು. "ಮೊದಲ ನೀರ ಕುಡಿ."