ನೋಡದೆ ಕಲಿಸಿದ ಪಾಠ

೧೯೭೫ರ ದೀಪಾವಳಿ ರಜೆ ಮುಗಿದು ಶಾಲೆ ಮತ್ತೆ ಶುರುವಾದ ವಾರ. ನಾನು ಸೊಲ್ಲಾಪುರದ ಬಟ್ಟೆ ವ್ಯಾಪಾರಿಗಳ ಮನೆಯ ಹುಡುಗಿ. ಬಿ.ಎಸ್‌ಸಿ., ಬಿ.ಎಡ್. ಮುಗಿಸಿ ಮೈಂದರ್ಗಿಯ ಒಂದು ಕನ್ನಡ ಹೈಸ್ಕೂಲಿನಲ್ಲಿ ವಿಜ್ಞಾನ ಶಿಕ್ಷಕಿಯಾಗಿ ಸೇರಿ ಐದು ತಿಂಗಳಾಗಿತ್ತು. ಅಕ್ಕಲಕೋಟೆಯಲ್ಲಿ ಸೋದರತ್ತೆಯ ಮನೆಯಲ್ಲಿದ್ದು ದಿನಾ ಬಸ್ಸಿನಲ್ಲಿ ಓಡಾಡುತ್ತಿದ್ದೆ.

ಅಂದು ಒಂಬತ್ತನೆಯ ತರಗತಿಗೆ ಜೀವಕೋಶದ ಪಾಠ. ಬಣ್ಣದ ಸೀಮೆಸುಣ್ಣದಲ್ಲಿ ಬೋರ್ಡಿನ ತುಂಬ ಚಿತ್ರ ಬರೆದಿದ್ದೆ. ನಡುವೆ ಇಡೀ ಕೋಶವನ್ನು ನಡೆಸುವ ಕೋಶಕೇಂದ್ರ, ಶಕ್ತಿ ತಯಾರಿಸುವ ಮೈಟೊಕಾಂಡ್ರಿಯ, ಬಿಸಿಲು ಹಿಡಿದು ಎಲೆಗೆ ಆಹಾರ ಮಾಡಿಕೊಡುವ ಹಸಿರು ಕಣಗಳು. ಚೆನ್ನಾಗಿಯೇ ಬಂದಿತ್ತು. ಆಗ ಮಹಾದೇವಿ ಎದ್ದು ನಿಂತಳು. ಒಕ್ಕಲುತನದ ಮನೆಯ ಹುಡುಗಿ, ಮಾತು ಕಡಿಮೆ.

"ಅಕ್ಕೋರ, ಇದನ್ನೆಲ್ಲಾ ನೀವು ಕಣ್ಣಿಲೆ ನೋಡೀರೇನ್ರಿ?"

"ಹೂಂ, ನೋಡೀನಿ," ಅಂದುಬಿಟ್ಟೆ.

"ಹಂಗಾದ್ರ ಖರೇನ ಐತ್ರಿ," ಎಂದು ಕುಳಿತಳು.

ನಾನು ನೋಡಿರಲಿಲ್ಲ. ಕಾಲೇಜಿನಲ್ಲಿ ಒಂದು ಸೂಕ್ಷ್ಮದರ್ಶಕಕ್ಕೆ ನಾಲ್ವರು. ನನ್ನ ಸರದಿ ಬಂದಾಗಲೆಲ್ಲ ನನಗೆ ಕಂಡದ್ದು ನನ್ನದೇ ರೆಪ್ಪೆಗೂದಲು. ಏನೂ ಕಾಣಲಿಲ್ಲ ಎನ್ನಲು ನಾಚಿ, ಪಕ್ಕದವಳ ಚಿತ್ರ ನೋಡಿ ಬರೆದು ಪಾಸಾಗಿದ್ದೆ. ಮಹಾದೇವಿ ಅನುಮಾನಪಟ್ಟಿದ್ದರೆ ಅಷ್ಟು ಚುಚ್ಚುತ್ತಿರಲಿಲ್ಲವೇನೋ. ಅವಳು ನಂಬಿಬಿಟ್ಟಳು. ಮರುದಿನ ಅವಳ ಕಡೆ ನೋಡಿ ಪಾಠ ಮಾಡುವುದೇ ಕಷ್ಟವಾಯಿತು. ಇದನ್ನು ನೋಡಿಯೇ ತೀರಬೇಕು ಎಂದು ಅಂದೇ ನಿರ್ಧರಿಸಿದೆ.

ಶನಿವಾರ ಬೆಳಗಿನ ಶಾಲೆ ಮುಗಿಸಿ ನೇರ ಸೊಲ್ಲಾಪುರಕ್ಕೆ ಹೋದೆ. ನಮಗೆ ಸಸ್ಯಶಾಸ್ತ್ರ ಕಲಿಸಿದ್ದ ಸರ್ ಪ್ರಯೋಗಶಾಲೆಯಲ್ಲಿ ಒಬ್ಬರೇ ಇದ್ದರು.

"ಯಾಕವಾ, ಕಾಲೇಜು ಮುಗದ ಮ್ಯಾಲ ನಮ್ಮ ನೆನಪಾತೇನು?"

"ಸರ್, ನಾ ಜೀವಕೋಶ ನೋಡೇ ಇಲ್ರಿ. ಪರೀಕ್ಷಾದಾಗ ಬಾಜೂದಾಕಿ ಚಿತ್ರಾ ನೋಡಿ ತೆಗದಿದ್ದೆ."

ಬಯ್ಯುತ್ತಾರೆಂದು ತಲೆ ತಗ್ಗಿಸಿ ನಿಂತೆ. ಅವರು ಸ್ಟೂಲು ಎಳೆದು, "ಕೂಡು. ಎರಡೂ ಕಣ್ಣು ತೆರದಿಡು, ಒಂದ ಕಣ್ಣಿಲೆ ನೋಡು," ಎಂದರು. ಕೆಳಗಿನ ಕನ್ನಡಿಯನ್ನು ಕಿಟಕಿಯ ಬೆಳಕಿಗೆ ತಿರುಗಿಸುವುದು, ಮಸೂರವನ್ನು ಪಕ್ಕದಿಂದ ನೋಡುತ್ತ ಇಳಿಸಿ ಆಮೇಲೆ ಮೆಲ್ಲಗೆ ಏರಿಸುವುದು, ಎಲ್ಲ ಮೊದಲಿನಿಂದ ಕಲಿಸಿದರು. ಒಂದು ತಾಸಿನ ಮೇಲೆ ಈರುಳ್ಳಿಯ ಪೊರೆ ಕಂಡಿತು. ಸಾಲಾಗಿ ಜೋಡಿಸಿದ ಕೋಣೆಗಳು. ಅಯೋಡಿನ್ ಹೀರಿದ ಕೋಶಕೇಂದ್ರ ಪ್ರತಿಯೊಂದರಲ್ಲೂ ಹಳದಿ ಚುಕ್ಕೆಯಂತೆ. ನಂತರ ಸರ್ ನೀರಿನ ತೊಟ್ಟಿಯಿಂದ ಹೈಡ್ರಿಲ್ಲಾ ಗಿಡದ ಒಂದು ಎಳೆ ಎಲೆ ಕಿತ್ತಿಟ್ಟರು. ಅದರ ಕೋಶಗಳಲ್ಲಿ ಹಸಿರು ಕಣಗಳು ಗೋಡೆಗುಂಟ ಒಂದರ ಹಿಂದೆ ಒಂದು ಸಾಗುತ್ತಿದ್ದವು. ಬೋರ್ಡಿನ ಮೇಲೆ ನಾನು ಅವನ್ನು ಅಲ್ಲಾಡದಂತೆ ಬರೆದಿದ್ದೆ!

"ಮೈಟೊಕಾಂಡ್ರಿಯ ಎಲ್ಲಿ ಸರ್?"

"ಇದರಾಗ ಹಂಗ ಕಾಣೂದಿಲ್ಲ. ಬ್ಯಾರೆ ಬಣ್ಣಾ ಹಾಕಿದ್ರ ಸಣ್ಣ ಚುಕ್ಕಿ ಕಂಡಾವು. ಅದರ ಒಳಗಿನ ಮಡಿಕಿ ನೋಡಾಕ ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಬೇಕು. ನಾನೂ ಅದನ್ನ ಫೋಟೋದಾಗ ಅಷ್ಟ ನೋಡೀನಿ."

ಅವರು ಅದನ್ನು ಎಷ್ಟು ಸಲೀಸಾಗಿ ಹೇಳಿದರೆಂದರೆ ನನಗೆ ಒಳಗೊಳಗೇ ನಾಚಿಕೆಯಾಯಿತು. ಒಂದು ಸೂಕ್ಷ್ಮದರ್ಶಕವನ್ನು ಶಾಲೆಗೆ ಒಯ್ಯಲು ಕೊಡಿ ಎಂದು ಕೇಳಿದೆ.

"ಕಾಲೇಜಿನ ಸಾಮಾನು ಹೊರಗ ಕೊಡೂ ಪದ್ಧತಿ ಇಲ್ಲವಾ."

"ಹಂಗಾದ್ರ ಮುಂದಿನ ಶನಿವಾರ ಮತ್ತ ಬರ್ತೀನ್ರಿ."

ಹೋದೆ. ಅದರ ಮುಂದಿನ ಶನಿವಾರವೂ, ಹೆಡ್‌ಮಾಸ್ತರರ ಚೀಟಿ ಹಿಡಿದು ಹೋದೆ. ಮೂರನೆಯ ಸಲ ಸರ್ ನಕ್ಕು, ಹಳೆಯದೊಂದನ್ನು ಮರದ ಪೆಟ್ಟಿಗೆಯಲ್ಲಿಟ್ಟು ಎರಡು ದಿನಕ್ಕೆಂದು ಕೊಟ್ಟರು. ಒಂದು ಬಾಟಲಿಯಲ್ಲಿ ನೀರು ಹಾಕಿ ಹೈಡ್ರಿಲ್ಲಾ ಗಿಡವನ್ನೂ ಕೊಟ್ಟರು.

ಬಸ್ಸು ಕಿಕ್ಕಿರಿದಿತ್ತು. "ಬಾಯಿ, ಪೇಟಿ ವರ ಠೇವಾ," ಎಂದು ಕಂಡಕ್ಟರ್ ಮರಾಠಿಯಲ್ಲಿ ಹೇಳಿ, ಪೆಟ್ಟಿಗೆ ಇಡಲು ಮೇಲಿನ ಹಲಗೆ ತೋರಿಸಿದ.

"ಇಡೂದಿಲ್ರಿ. ಬಿದ್ದು ಒಡದ್ರ ಮತ್ತೊಂದು ಸಿಗೂದಿಲ್ಲ."

"ಅಂಥಾದ್ದೇನೈತ್ರಿ ಅದರಾಗ?" ಈಗ ಅವನ ಬಾಯಲ್ಲೂ ಕನ್ನಡ ಬಂತು.

"ಸಾಲಿ ಹುಡುಗರಿಗೆ ತೋರಸೂ ದುರ್ಬೀನ್ ಐತ್ರಿ."

ಸೂಕ್ಷ್ಮದರ್ಶಕ ಎಂದರೆ ಅವನಿಗೆ ತಿಳಿಯಲಿಕ್ಕಿಲ್ಲ ಎಂದು ಹಾಗೆ ಹೇಳಿದ್ದೆ. ಅವನು ಮತ್ತೇನೂ ಕೇಳದೆ, ಬಾಗಿಲ ಬಳಿಯ ತನ್ನ ಸೀಟು ಬಿಟ್ಟುಕೊಟ್ಟು ಅಕ್ಕಲಕೋಟೆಯವರೆಗೂ ನಿಂತೇ ಬಂದ.

ಸೋಮವಾರ ವರಾಂಡದ ಬೆಳಕಿಗೆ ಮೇಜು ಹಾಕಿಸಿ, ಹೈಡ್ರಿಲ್ಲಾ ಎಲೆಯನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟೆ. ಮಕ್ಕಳೆಲ್ಲ ಮುಗಿಬಿದ್ದರು. "ತಡೀರಿ, ಮದಲ ಒಂದ್ ಮಾತು. ಅವತ್ತು ಮಹಾದೇವಿ ಕೇಳಿದಾಗ ನಾ ಸುಳ್ಳ ಹೇಳಿದ್ದೆ. ಆಗ ನಾ ಏನೂ ನೋಡಿರಲಿಲ್ಲ. ಈಗ ಸೊಲ್ಲಾಪುರಕ್ಕ ಹೋಗಿ ಕೋಶಕೇಂದ್ರ, ಹಸರು ಕಣ ನೋಡಿಕೊಂಡು ಬಂದೀನಿ. ಮೈಟೊಕಾಂಡ್ರಿಯ ಇನ್ನೂ ನೋಡಿಲ್ಲ, ಅದನ್ನ ನಮ್ಮ ಸರ್ ಸೈತ ಫೋಟೋದಾಗ ಅಷ್ಟ ನೋಡ್ಯಾರ," ಎಂದೆ. ಹಿಂದೆ ಯಾರೋ ಕಿಸಕ್ಕನೆ ನಕ್ಕರು. ನಗಲಿ ಎಂದುಕೊಂಡು ಮಹಾದೇವಿಯನ್ನು ಕರೆದೆ.

ಅವಳು ಬಗ್ಗಿ ನೋಡಿದಳು. ತುಸು ಹೊತ್ತಿನ ಮೇಲೆ ತಲೆ ಎತ್ತಿ, "ಏನೂ ಕಾಣವಲ್ದರಿ ಅಕ್ಕೋರ," ಎಂದಳು.

ನಾನು ಕಾಲೇಜಿನ ನಾಲ್ಕು ವರ್ಷದಲ್ಲಿ ಒಮ್ಮೆಯೂ ಆಡಲಾಗದ ಮಾತು ಅದು. ಹುಡುಗಿ ಎಲ್ಲರೆದುರು ಆಡಿಬಿಟ್ಟಳು. "ಕಾಣೂ ತನಕ ನೋಡು, ನಾ ಇಲ್ಲೇ ನಿಂದರ್ತೀನಿ," ಎಂದು ಕನ್ನಡಿ ಸರಿಮಾಡಿ, ತಿರುಪನ್ನು ಅವಳ ಕೈಯಿಂದಲೇ ತಿರುಗಿಸಿದೆ. ಉಳಿದವರು ಗೊಣಗಿದರು. ನಾನು ಅವಳನ್ನು ಎಬ್ಬಿಸಲಿಲ್ಲ.

"ನಡದಾವ್ರಿ!" ಎಂದು ಕೂಗಿದಳು ಒಮ್ಮೆಲೇ. "ಹಸರು ಕಾಳು ಸಾಲ್ ಹಿಡದು ನಡದಾವ್ರಿ ಅಕ್ಕೋರ!"

ಅಂದು ಮುಂದಿನ ಎರಡು ಪಿರಿಯಡ್ ನಡೆಯಲೇ ಇಲ್ಲ. ಗಣಿತದ ಮಾಸ್ತರರೂ ಸಾಲಿನಲ್ಲಿ ನಿಂತು ನೋಡಿದರು.

ಮರುದಿನ ಚಿತ್ರದ ವಹಿಗಳು ನನ್ನ ಮೇಜಿಗೆ ಬಂದವು. ಮಹಾದೇವಿ ಕೋಶದ ಒಂದೊಂದು ಭಾಗದ ಮುಂದೆ ಹೆಸರು, ಅದರ ಕೆಲಸ, ಅದರ ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ ಇನ್ನೊಂದು ಮಾತು ಬರೆದಿದ್ದಳು. ಹಸಿರು ಕಣ: ನಾನು ನೋಡೀನಿ. ಕೋಶಕೇಂದ್ರ: ಅಕ್ಕೋರು ನೋಡ್ಯಾರ. ಮೈಟೊಕಾಂಡ್ರಿಯ: ಅಕ್ಕೋರು ನೋಡಿಲ್ಲ, ಅವರ ಸರ್ ಫೋಟೋದಾಗ ನೋಡ್ಯಾರ.

ಕೆಂಪು ಶಾಯಿಯಲ್ಲಿ ಸರಿ ಹಾಕಿ, ಕೆಳಗೆ ಸಹಿ ಮಾಡಿದೆ.

ಆಮೇಲೆ ಬಹಳ ವರ್ಷ ಕಲಿಸಿದೆ. ಮಕ್ಕಳು ಕೇಳಿದಾಗ "ನಾ ನೋಡಿಲ್ಲ" ಎನ್ನಲು ಪ್ರತಿ ಸಲವೂ ಒಂದು ಕ್ಷಣ ನಾಲಿಗೆ ತಡೆಯುತ್ತಿತ್ತು. ಆದರೂ ಹೇಳಿದೆ.