ಉಳಿದ ಎರಡು ರೊಟ್ಟಿ

ನಿಮಗೆ ಮಕ್ಕಳೆಷ್ಟು? ಥಟ್ಟನೆ ಒಂದು ಅಂಕಿ ಬಾಯಿಗೆ ಬಂತಲ್ಲ, ಹಾಗಾದರೆ ನೀವು ನಮ್ಮ ಕಡೆಯವರಲ್ಲ. ನಮ್ಮ ಆಳಂದದ ಕಡೆ ಮಕ್ಕಳನ್ನು ಎಣಿಸಬಾರದು, ದೃಷ್ಟಿ ತಾಗುತ್ತದೆ. ಯಾರಾದರೂ ಕೇಳಿದರೆ "ಅದಾವ್ರಿ, ದೇವರು ಕೊಟ್ಟಷ್ಟು" ಎಂದು ಮಾತು ಬದಲಿಸಬೇಕು. ನಾನು ಇವತ್ತಿಗೂ ಹಾಗೇ ಅನ್ನುತ್ತೇನೆ. ಫೋನಿನಲ್ಲಿ ಬರೆಯುವುದನ್ನು ಮೊಮ್ಮಗಳು ಕಲಿಸಿ ಎರಡು ತಿಂಗಳಾಯಿತು. ಅಕ್ಷರವೆಲ್ಲ ಒತ್ತಿದ್ದೇನೆ, ಆ ಒಂದು ಅಂಕಿಯನ್ನು ಒತ್ತಿಲ್ಲ.

ಇದೆಲ್ಲ ಶುರುವಾದದ್ದು ಟಿವಿಯಿಂದ. ಹೋದ ವಾರ ಮಧ್ಯಾಹ್ನ ಎದುರುಮನೆಯ ಬಾನೂಬೀಯ ಜೊತೆ ಶೇಂಗಾ ಸುಲಿಯುತ್ತ ಕೂತಿದ್ದಾಗ ಒಂದು ಸಾಕ್ಷ್ಯಚಿತ್ರ ಬಂತು. ಯಾವುದೋ ದೂರದ ಊರು, ಒಂದೇ ಮನೆಯಲ್ಲಿ ಹನ್ನೊಂದು ಮಕ್ಕಳು. ಎಣಿಸಿದ್ದು ಟಿವಿಯವರು, ಅದರ ಪಾಪ ನನಗೆ ಬೇಡ. ಒಂದಕ್ಕೂ ತಲೆ ಬಾಚಿಲ್ಲ, ಮೂಗು ಒರೆಸಿಲ್ಲ. ಎಂಟು ವರ್ಷದ ಹುಡುಗಿಯೊಬ್ಬಳು ಬಗಲಲ್ಲಿ ಕೂಸು ಹೊತ್ತು, ಇನ್ನೊಂದಕ್ಕೆ ಉಣ್ಣಿಸುತ್ತ, ಮೂರನೆಯದನ್ನು ಕಾಲಿನಿಂದ ತಡೆಯುತ್ತಿದ್ದಳು. ಟಿವಿಯವರು ಆಕೆಯ ಅಪ್ಪನಿಗೆ ಮಕ್ಕಳ ಹೆಸರು ಹೇಳು ಎಂದರು. ಅವನು ಬೆರಳು ಮಡಚುತ್ತ ಆರರವರೆಗೆ ಹೇಳಿ ನಿಂತ. ನಿಂತು ನಕ್ಕ. ಬಾಗಿಲ ಹಿಂದೆ ಒಂದು ಹುಡುಗಿ ತನ್ನ ಹೆಸರು ಬರುತ್ತದೇನೋ ಎಂದು ಕತ್ತು ಚಾಚಿ ಕಾಯುತ್ತಿತ್ತು.

ನನಗೆ ಮೈ ಉರಿದುಹೋಯಿತು. ಟಿವಿಯವರ ಮೇಲೂ ಉರಿಯಿತು. ಒಂದು ಕೂಸು ಬರೀ ತಟ್ಟೆ ನೆಕ್ಕುವುದನ್ನು ಅಷ್ಟು ಹೊತ್ತು ತೋರಿಸಿದರಲ್ಲ, ಅಷ್ಟರಲ್ಲಿ ಆ ಕ್ಯಾಮೆರಾದವನು ಎದ್ದು ಹೋಗಿ ಒಂದು ಬಿಸ್ಕಿಟ್ ಪುಡಿಕೆ ತರಬಹುದಿತ್ತು. ಆದರೆ ನನ್ನ ಬಾಯಿಗೆ ಸಿಕ್ಕವಳು ಆ ತಾಯಿ. "ಇಂಥಾಕಿಗಿ ಮಕ್ಳ ಯಾಕ ಬೇಕಿತ್ತ ಅಂತೀನಿ" ಎಂದು ಶುರುಮಾಡಿದೆ.

ಬಾನೂಬೀ ಶೇಂಗಾದಿಂದ ಕಣ್ಣೆತ್ತಲಿಲ್ಲ. "ಆಕಿಗೇ ಬೈತೀರಿ ಅಮ್ಮಾ. ಆ ಗಂಡಸ ಇಸ್ತ್ರಿ ಅಂಗಿ ಹಾಕ್ಕೊಂಡ ಕುಂತಾನಲ್ಲ, ಆ ಇಸ್ತ್ರಿ ಯಾರ ಹೊಡದ್ರು, ಅದ ಬಿ ಜರಾ ಕೇಳ್ರಿ."

ನೋಡಿದರೆ ಹೌದು. ಅವನ ಅಂಗಿಗೆ ಗೆರೆ ಬಿದ್ದಿತ್ತು. ಅವಳು ಮತ್ತೊಂದು ಬಸಿರು ಹೊತ್ತು ಕೊಡ ಇಳಿಸುತ್ತಿದ್ದಳು. ಅವಳನ್ನು ಯಾರೂ ಏನೂ ಕೇಳಲೇ ಇಲ್ಲ.

ಅಷ್ಟಾದರೂ ನನಗೆ ಬುದ್ಧಿ ಬಂತೇ? ನಮ್ಮ ಮನೆಮಂದಿಯ ಫೋನಿನ ಗುಂಪಿನಲ್ಲಿ ಆಗಲೇ ಆ ತಾಯಿಗೆ ಬೈಗುಳ ಶುರುವಾಗಿತ್ತು. ಅಫಜಲಪುರದ ಮೈದುನ, ಎಮ್ಮೆಗೆ ಮೇವು ಹಾಕಿದ್ದು ಬಿಟ್ಟರೆ ಮಕ್ಕಳಿಗೆ ಒಂದು ತುತ್ತು ಹಾಕದವನು, ತಾಯ್ತನದ ಮೇಲೆ ದೊಡ್ಡ ಪುರಾಣ ಬರೆದಿದ್ದ. ನಾನೇನು ಕಮ್ಮಿ? ಒಂದು ತಾಸು ಕೂತು, ಒತ್ತಿ, ಅಳಿಸಿ, ಮತ್ತೆ ಒತ್ತಿ ಬರೆದೆ: "ಮಕ್ಕಳ ಮುಖ ನೋಡಲು ಪುರಸೊತ್ತಿಲ್ಲದವರು ಹೆರಬಾರದು." ಎಲ್ಲರೂ ಕೈ ಮುಗಿದ ಚಿತ್ರ ಹಾಕಿದರು. ಹೆಮ್ಮೆಯಿಂದ ಒಂದೊಂದೇ ಹೆಸರು ನೋಡಿದೆ. ಕಸ್ತೂರಿಯದು ಇರಲಿಲ್ಲ.

ಕಸ್ತೂರಿ ನನ್ನ ನಡುವಿನ ಮಗಳು. ಜೇವರ್ಗಿಯಲ್ಲಿ ಅಂಗನವಾಡಿ ಟೀಚರು, ಮಂದಿಯ ಮಕ್ಕಳನ್ನು ದಿನಾ ತೂಗಿ ಬರೆದಿಡುವವಳು. ಅವಳು ಸುಮ್ಮನಿದ್ದಾಳೆಂದರೆ ಅದಕ್ಕೊಂದು ಕಾರಣವಿರುತ್ತದೆ. ಆ ಕಾರಣ ನನಗೆ ಗೊತ್ತಿತ್ತು.

ಆಗ ಅವಳಿಗೆ ಏಳು ವರ್ಷ. ಗಾಣಗಾಪುರದ ಹುಣ್ಣಿಮೆ ಮುಗಿಸಿ, ಮೂರು ಮನೆಯ ಮಂದಿ ಒಂದೇ ಟ್ರ್ಯಾಕ್ಟರಿನಲ್ಲಿ ನಮ್ಮೂರು ಮಟಕಿಗೆ ಬರುತ್ತಿದ್ದೆವು. ದಾರಿಯಲ್ಲಿ ಚೌಡಾಪುರದಲ್ಲಿ ಇಳಿದು ಚಹಾ ಕುಡಿದು, ಮಕ್ಕಳನ್ನು ಹತ್ತಿಸಿ ಹೊರಟೆವು. ಎಣಿಸಬಾರದಲ್ಲ, ಎಣಿಸಲಿಲ್ಲ. ಮನೆಗೆ ಬಂದು ರೊಟ್ಟಿ ಬಡಿದೆ. ಮಕ್ಕಳಿಗೆ ತಲೆಗೆರಡು ನನ್ನ ಲೆಕ್ಕ. ಒಟ್ಟು ಎಷ್ಟು ಬಡಿದೆ ಎಂದು ಬರೆದರೆ ನೀವು ಎರಡರಿಂದ ಭಾಗಿಸಿಬಿಡುತ್ತೀರಿ, ಅದಕ್ಕೇ ಬರೆಯುವುದಿಲ್ಲ. ಎಲ್ಲರೂ ಉಂಡೆದ್ದರು. ಬುಟ್ಟಿಯಲ್ಲಿ ಎರಡು ರೊಟ್ಟಿ ಉಳಿದವು. ಹಿಟ್ಟು ಹೆಚ್ಚಾಯಿತೇ ಎಂದು ನನ್ನನ್ನೇ ಬೈದುಕೊಂಡೆ. ಆಮೇಲೆ ಮಕ್ಕಳ ಹಾಸಿಗೆಯತ್ತ ಓಡಿದೆ, ಕಸ್ತೂರಿ ಇರಲಿಲ್ಲ.

ಮರುದಿನ ಮೊದಲ ಬಸ್ಸಿಗೆ ಅವರಪ್ಪ ಹೋಗಿ ಕರೆತಂದರು. ಚಹಾದಂಗಡಿಯ ಹೆಂಗಸು ಇಟ್ಟುಕೊಂಡಿದ್ದಳಂತೆ. ಅಂದಿನಿಂದ ಮದುವೆ, ಕುಬುಸ, ಎಲ್ಲಿ ನಾಲ್ಕು ಮಂದಿ ಕೂಡಿದರೂ ರೊಟ್ಟಿ ಮಗಳನ್ನು ಹುಡುಕಿಕೊಟ್ಟ ಕಥೆ ಹೇಳಿ ನಗಿಸುವುದು ನನ್ನ ಕೆಲಸ.

ಪದ್ಧತಿಯ ಮೇಲೆ ತಪ್ಪು ಹಾಕಿ ಪಾರಾಗಬಹುದು. ಆದರೆ ನನ್ನ ತವರು ಅತನೂರಿನಲ್ಲಿ ಕುರಿ ಕಾಯುವವರು ಕುರಿಯನ್ನೂ ಎಣಿಸುತ್ತಿರಲಿಲ್ಲ. ಸಂಜೆ ಹಟ್ಟಿಯ ಬಾಗಿಲಲ್ಲಿ ನಿಂತು ಒಂದೊಂದರ ಮುಖ ನೋಡಿ ಒಳಗೆ ಬಿಡುತ್ತಿದ್ದರು. ಕಿವಿ ಹರಿದದ್ದು ಬಂದಿಲ್ಲ, ಕರಿಮುಖದ್ದು ಬಂದಿಲ್ಲ ಎಂದು ಆಗಲೇ ಹೇಳುತ್ತಿದ್ದರು. ಎಣಿಕೆ ಬೇಡವೆಂದವರು ಮುಖ ನೋಡಬೇಡಿ ಎಂದಿರಲಿಲ್ಲ.

ಎರಡು ದಿನ ತಡೆದೆ. ಮೂರನೆಯ ದಿನ ಕಸ್ತೂರಿಗೆ ಫೋನು ಹಚ್ಚಿದೆ.

"ನಾ ಬರದದ್ದ ಓದಿದಿ ಏನವ್ವ?"

"ಓದೇನಿ. ಎಲ್ಲಾರೂ ಕೈ ಮುಗದಾರಲ್ಲ, ಸಾಕಾಗಿಲ್ಲೇನ್ ನಿನಗ?"

"ಚೌಡಾಪುರದ್ದ ನೆನಪಾತು."

"ಆ ಕತಿ ನೀ ಅರ್ಧಾನೇ ಹೇಳ್ತಿ ಬೇ. ಆ ಚಹಾದಂಗಡಿಯಾಕಿ ನನಗ ಕುಂದ್ರಿಸ್ಕೊಂಡು ತಲಿ ಬಾಚಿದ್ಳು. ನಂದೊಂದೇ. ಅವಸರ ಇಲ್ದ. ಮುಂಜಾನಿ ಅಪ್ಪ ಬಂದಾಗ ನನಗ ಬರೂ ಮನಸ ಇರ್ಲಿಲ್ಲ."

ಮೊದಲು ಸಿಟ್ಟು ಬಂದದ್ದು ಆ ಚಹಾದವಳ ಮೇಲೆ, ನನ್ನ ಮಗಳ ತಲೆ ಮುಟ್ಟಲು ಅವಳ್ಯಾರು ಎಂದು. ಆಮೇಲೆ ಆ ಸಿಟ್ಟು ಸತ್ತ ಗಂಡನ ಮೇಲೆ ಹೋಯಿತು, ಟ್ರ್ಯಾಕ್ಟರಿನವನ ಮೇಲೆ ಹೋಯಿತು. ಎಲ್ಲೂ ನಿಲ್ಲದೆ ತಿರುಗಿ ನನ್ನ ಹತ್ತಿರವೇ ಬಂತು. ಟಿವಿಯ ಆ ಹೆಂಗಸಿಗೆ ಬೈದದ್ದೆಲ್ಲ ಯಾರಿಗೆ ಬೈದದ್ದು ಎಂದು ಈಗ ಕೇಳಬೇಡಿ.

"ತಪ್ಪಾತವ್ವ," ಅಂದೆ. ಈ ಮಾತನ್ನು ಯಾವ ಮಗುವಿಗೂ ಅಂದು ನನಗೆ ರೂಢಿಯಿಲ್ಲ. ಅಲ್ಲೇ ನಿಲ್ಲಲಾರದೆ ಗಡಬಡಿಸಿ ಮುಂದುವರಿಸಿದೆ. "ಐತವಾರ ಜೇವರ್ಗಿಗಿ ಬರ್ತೇನಿ. ನಿನ್ನ ಅಕ್ಕಗ ಹೇಳ್ತೇನಿ, ಸಣ್ಣಾಕಿಗೂ ಹೇಳ್ತೇನಿ. ಎಲ್ಲಾರೂ ಕೂಡಿ ಬಂದು ನಿನ್ನ ಮನ್ಯಾಗ ಎರಡ ದಿನ ಇರ್ತೇವಿ."

"ಎಲ್ಲಾರ್ನೂ ಯಾಕ ಕಟ್ಕೊಂಡ ಬರ್ತಿ?" ಅಂದಳು ಕಸ್ತೂರಿ. "ಬರೂದಿದ್ರ ಒಬ್ಬಾಕೀನೇ ಬಾ ಬೇ."