ಸೊನ್ನೆ ಒಪ್ಪದ ಜಗದೇವಿ

ಮಹಾರಾಷ್ಟ್ರದ ನಾಸಿಕ್ ಊರಿನಲ್ಲಿ ಮಾದಕವಸ್ತು ಚುಚ್ಚಿಕೊಳ್ಳುವವರಿಗೆ ಹೊಸ ಸೂಜಿ ಕೊಟ್ಟು, ರೋಗ ಹರಡದಂತೆ ಕಾಯುವ ಕೇಂದ್ರವೊಂದರಲ್ಲಿ ಸಮೀಕ್ಷೆ ಬರೆಯುವ ಜಗದೇವಿ ಮನೆಗೆ ಹೋದರೂ ಕೆಲಸ ಬಿಡುವವಳಲ್ಲ. “ಕಳೆದ ಮೂವತ್ತು ದಿನದಾಗ ಮಂಡಿ ಎಷ್ಟ ಸಲ ನೋಯ್ತ್ರಿ ಅತ್ತಿ? ದಿನಾನೋ, ಆಗಾಗೋ, ಒಮ್ಮೆನೂ ಇಲ್ಲೋ?” ಎಂದು ಅತ್ತೆಯನ್ನು ಕೇಳುತ್ತಾಳೆ. ಗಂಡ ಮೈಲಾರಿ, “ನಾ ಕಸಾ ಹೊಡದದ್ದು ಆಗಾಗ ಅಂತ ಬರ್ಕೋ” ಎಂದರೆ, “ಸುಳ್ಳ ಉತ್ತರ ತಗೊಳ್ಳಂಗಿಲ್ರಿ” ಎಂದು ಪೊರಕೆಯನ್ನೇ ಕೈಗಿಡುತ್ತಾಳೆ. ಆಕೆಯ ಮುಂದೆ ಕೂತರೆ ನಮ್ಮಂಥ ಕತೆ ಕಟ್ಟುವವರೂ ಅರ್ಧ ಕಪ್ ಚಹಾಕ್ಕೆ ನಿಜ ಹೇಳಿಬಿಡುತ್ತೇವೆ. ಸಮೀಕ್ಷೆಯಲ್ಲಿ ಮಾತ್ರ ಆಕೆ ಯಾರ ಹೆಸರನ್ನೂ ಕೇಳುವುದಿಲ್ಲ, ಪಟ್ಟಿಯಲ್ಲೊಂದು ನಂಬರು ಕೊಡುತ್ತಾಳೆ. ಫಾರ್ಮಿನಲ್ಲಿ ‘ಹೆಂಗಸರು’ ಎಂಬಲ್ಲಿ ಪ್ರತಿ ತಿಂಗಳೂ ಸೊನ್ನೆ ಬೀಳುವುದು ಆಕೆಗೆ ಸರಿಕಾಣಲಿಲ್ಲ. ಸೊನ್ನೆ ಇರುವ ತನಕ ಲೇಡಿ ಡಾಕ್ಟರ್ ಕೊಡುವುದಿಲ್ಲ ಎಂದಿತ್ತು ಮೇಲಿನ ಕಚೇರಿ. ಕೆಲವು ಗಂಡಸರು ಎರಡು ಸೂಜಿ ಹೆಚ್ಚಿಗೆ ಒಯ್ಯುವುದನ್ನು ಕಂಡು, ಅವು ಯಾರಿಗೆಂದು ಕೇಳುತ್ತ ಹೋಗಿ, ಮನೆಯಲ್ಲೇ ಚುಚ್ಚಿಕೊಳ್ಳುವ ಹೆಂಗಸರಿಗೆಂದು ತಿಳಿದು, ಆರು ತಿಂಗಳು ಅವರ ಹೊಸ್ತಿಲುಗಳಲ್ಲಿ ಕೂತು, ಇಪ್ಪತ್ತಮೂರು ಹೆಂಗಸರ ಉತ್ತರ ಬರೆದುಕೊಂಡಳು. ಸಂಭಾಜಿನಗರದಲ್ಲಿ ನಡೆದ ಸಭೆಯಲ್ಲಿ ಮೇಲಿನ ಕಚೇರಿಯ ಸಾಹೇಬರು, “ಇವರೆಲ್ಲ ಇಷ್ಟು ದಿನ ಎಲ್ಲಿದ್ದರು?” ಎಂದು ಹುಬ್ಬೇರಿಸಿದರು. “ಇಲ್ಲೇ ಇದ್ದರು ಸಾಹೇಬ್, ಕೇಳೋಕೆ ಯಾರೂ ಹೋಗಿರಲಿಲ್ಲ” ಎಂದಳು. ಈಗ ಗುರುವಾರಕ್ಕೊಮ್ಮೆ ಲೇಡಿ ಡಾಕ್ಟರ್ ಕೂರುತ್ತಾರೆ. ಮೊದಲ ಗುರುವಾರ, ಕಲಬುರಗಿ ಕಡೆಯ ಕೂಲಿ ಹೆಂಗಸೊಬ್ಬಳು ಮುಖದ ಮೇಲಿನ ಸೆರಗು ಸರಿಸಿ ಒಳಬಂದಳು. ಡಾಕ್ಟರ್ ಹೆಸರು ಕೇಳಿದರೆ, ಜಗದೇವಿಯ ಕಡೆ ಕೈತೋರಿಸಿ, ಎದೆಯುಬ್ಬಿಸಿ ಹೇಳಿದಳು: “ಅಕ್ಕಾರ ಪಟ್ಟಿ ನೋಡ್ರಿ, ಹದಿನಾಲ್ಕನೇದಾಕಿ ನಾನ.”